ಆನ್‌ಲೈನ್ ಹರಾಜು: ಬಿಡ್ ಹಾಕುವ ಮೊದಲು, ಪಾರ್ಸೆಲ್ ಕಟ್ಟುವ ಮೊದಲು

ನನಗೆ ಹಳೆಯ ಕ್ಯಾಮೆರಾ ಲೆನ್ಸ್‌ಗಳ ಹುಚ್ಚು. ಹೊಸದು ಎಲ್ಲಿ ಬೇಕಾದರೂ ಸಿಗುತ್ತದೆ. ಹಳೆಯದು ಬೇಕೆಂದರೆ ಹರಾಜಿನ ಸೈಟುಗಳೇ ಗತಿ. ಹಾಗೆ ತರಿಸಿದ ಮೊದಲ ಲೆನ್ಸ್ ಕೈಗೆ ಬಂದ ದಿನ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆ. ಗಾಜಿನ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು. ಬೂಷ್ಟು. ಹೊರಗಿನ ಗಾಜಿಗೆ ಹತ್ತಿದ್ದರೆ ಒರೆಸಬಹುದಿತ್ತು, ಇದು ಒಳಗಡೆ. ಸಿಟ್ಟಿನಲ್ಲಿ ಆ ಹರಾಜಿನ ಪುಟ ಮತ್ತೆ ತೆರೆದೆ. ಆರು ಫೋಟೊ ಇದ್ದವು. ಆರರಲ್ಲೂ ಮುಚ್ಚಳ ಹಾಕಿಯೇ ಇತ್ತು! ಫೋಟೊ ಎಷ್ಟು ಚೆನ್ನಾಗಿದೆ ಎಂದು ನೋಡಿದ್ದೆನೇ ಹೊರತು, ಅದರಲ್ಲಿ ಏನು ಕಾಣುತ್ತಿಲ್ಲ ಎಂದು ಯೋಚಿಸಿರಲೇ ಇಲ್ಲ.

ಅಲ್ಲಿಂದ ಈಚೆಗೆ ತುಂಬಾ ಕೊಂಡಿದ್ದೇನೆ, ಸುಮಾರಾಗಿ ಮಾರಿಯೂ ಇದ್ದೇನೆ. ಮುಖ ಕಾಣದ ವ್ಯಾಪಾರದಲ್ಲಿ "ಈ ಮನುಷ್ಯ ಒಳ್ಳೆಯವನಾ?" ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಅದರ ಬದಲು ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅಕಸ್ಮಾತ್ ಇವರು ಮೋಸಗಾರರಾದರೆ, ನನ್ನ ದುಡ್ಡು ವಾಪಸ್ ಬರುವ ದಾರಿ ಇದೆಯಾ? ಆ ದಾರಿಯಲ್ಲಿ ತೋರಿಸೋಕೆ ನನ್ನ ಕೈಯಲ್ಲಿ ಸಾಕ್ಷಿ ಇದೆಯಾ? ಕೆಳಗೆ ಬರೆದಿರುವ ಹೆಜ್ಜೆಗಳೆಲ್ಲ ಈ ಎರಡು ಪ್ರಶ್ನೆಗಳಿಂದಲೇ ಹುಟ್ಟಿದವು.

ಹೆಜ್ಜೆ 1: ಫೋಟೊದಲ್ಲಿ ಏನಿಲ್ಲ ಅಂತ ಹುಡುಕಿ

ಹರಾಜಿನ ಪುಟ ತೆರೆದ ತಕ್ಷಣ ಬೆಲೆ ನೋಡಬೇಡಿ. ಆ ವಸ್ತು ಸಾಮಾನ್ಯವಾಗಿ ಎಲ್ಲಿ ಕೆಡುತ್ತದೆ ಎಂದು ಮೊದಲು ಯೋಚಿಸಿ. ಲೆನ್ಸ್ ಆದರೆ ಒಳಗಿನ ಗಾಜು. ಲ್ಯಾಪ್‌ಟಾಪ್ ಆದರೆ ಪರದೆ ಮಡಚುವ ಕೀಲು, ಬ್ಯಾಟರಿ, ಪರದೆಯ ಮೂಲೆಗಳು. ಕೈಗಡಿಯಾರ ಆದರೆ ಹಿಂಬದಿಯ ಮುಚ್ಚಳ, ಒಳಗಿನ ಯಂತ್ರ. ಸರಿಯಾಗಿ ಆ ಜಾಗದ ಫೋಟೊ ಇದೆಯಾ? ಇಲ್ಲದಿದ್ದರೆ ಕೇಳಿ.

ಕೇಳುವ ರೀತಿಯೂ ಮುಖ್ಯ. ಒಂದು ಚೀಟಿಯ ಮೇಲೆ ಇವತ್ತಿನ ತಾರೀಖು, ನಿಮ್ಮ ಬಳಕೆದಾರ ಹೆಸರು ಬರೆದು, ವಸ್ತುವಿನ ಪಕ್ಕ ಇಟ್ಟು ಹೊಸ ಫೋಟೊ ಕಳಿಸಲು ಹೇಳಿ. ವಸ್ತು ನಿಜವಾಗಿ ಕೈಯಲ್ಲಿದ್ದರೆ ಇದು ಎರಡು ನಿಮಿಷದ ಕೆಲಸ. ಬೇರೆಯವರ ಫೋಟೊ ಕದ್ದು ಹಾಕಿದವರಿಗೆ ಇದು ಕಷ್ಟ. ಈಗ ಫೋಟೊ ತಿದ್ದುವುದು ಸುಲಭವಾಗಿದೆ, ನಿಜ. ಅದಕ್ಕೇ ದುಬಾರಿ ವಸ್ತುವಾದರೆ ನಾನು ಚಿಕ್ಕ ವಿಡಿಯೊ ಕೇಳುತ್ತೇನೆ: ಆನ್ ಮಾಡಿ, ಸೀರಿಯಲ್ ನಂಬರ್ ತೋರಿಸಿ, ತಿರುಗಿಸಿ. ಜೊತೆಗೆ ಪುಟದಲ್ಲಿರುವ ಫೋಟೊವನ್ನು ಗೂಗಲ್‌ನ ಚಿತ್ರ ಹುಡುಕಾಟಕ್ಕೆ ಹಾಕಿ ನೋಡಿ. ಅದೇ ಚಿತ್ರ ಬೇರೆ ಊರಿನ ಬೇರೆ ಮಾರಾಟಗಾರರ ಪುಟದಲ್ಲೂ ಸಿಕ್ಕರೆ ಮುಂದೆ ಯೋಚಿಸುವುದೇ ಬೇಡ.

ಆಮೇಲೆ ವಿವರಣೆ ಓದಿ. ಸಣ್ಣ ಅಕ್ಷರವನ್ನೂ ಬಿಡಬೇಡಿ. ದುಬಾರಿ ಗೇಮಿಂಗ್ ಯಂತ್ರದ ಹೆಸರು ಶೀರ್ಷಿಕೆಯಲ್ಲಿ ಹಾಕಿ, ಕೊನೆಯ ಸಾಲಿನಲ್ಲಿ "ಖಾಲಿ ಡಬ್ಬ ಮಾತ್ರ" ಎಂದು ಬರೆದು ಮಾರಿದವರಿದ್ದಾರೆ. "ಟೆಸ್ಟ್ ಮಾಡಿಲ್ಲ, ಇದರ ಬಗ್ಗೆ ನನಗೆ ಗೊತ್ತಿಲ್ಲ" ಅನ್ನೋ ಮಾತು ಕಂಡರೆ ಅದೇ ವ್ಯಕ್ತಿ ಇನ್ನೇನು ಮಾರುತ್ತಿದ್ದಾರೆ ನೋಡಿ. ಇಪ್ಪತ್ತು ಕ್ಯಾಮೆರಾ ಮಾರಿರುವವರಿಗೆ ಇಪ್ಪತ್ತೊಂದನೆಯದನ್ನು ಟೆಸ್ಟ್ ಮಾಡೋಕೆ ಬರಲ್ಲ ಅಂದರೆ ನಂಬುವ ಮಾತಾ? ಟೆಸ್ಟ್ ಆಗಿದೆ, ಫಲಿತಾಂಶ ಹೇಳುತ್ತಿಲ್ಲ ಎಂದುಕೊಂಡೇ ಬೆಲೆ ಕಟ್ಟಿ.

ದೋಷವನ್ನು ಬಾಯಿಬಿಟ್ಟು ಹೇಳುವವರು ಸಿಕ್ಕರೆ ಗಟ್ಟಿಯಾಗಿ ಹಿಡಿದುಕೊಳ್ಳಿ. ಇಬೇ (eBay) ಎಂಬ ಅಮೆರಿಕದ ಹರಾಜು ಸೈಟ್ ಶುರುವಾಗಿದ್ದೇ ಹಾಗೆ. 1995ರ ಸೆಪ್ಟೆಂಬರ್‌ನಲ್ಲಿ ಪಿಯರ್ ಒಮಿಡ್ಯಾರ್ ಅದನ್ನು 'ಆಕ್ಷನ್‌ವೆಬ್' ಎಂಬ ಹೆಸರಿನಲ್ಲಿ ಆರಂಭಿಸಿದಾಗ ಮಾರಾಟವಾದ ಮೊದಲ ವಸ್ತು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. 14.83 ಡಾಲರ್‌ಗೆ ಹೋಯಿತು. ಇದು ಕೆಟ್ಟಿದೆ ಅಂತ ಗೊತ್ತು ತಾನೇ ಎಂದು ಒಮಿಡ್ಯಾರ್ ಕೊಂಡವರನ್ನು ಕೇಳಿದರಂತೆ. ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನು ಕೂಡಿಡುವುದೇ ತನ್ನ ಹವ್ಯಾಸ ಎಂದು ಉತ್ತರ ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಸರಿಯಾದ ಗಿರಾಕಿ ಸಿಕ್ಕರು.

ಹೆಜ್ಜೆ 2: ನಕ್ಷತ್ರ ಬಿಟ್ಟು ಮಾತು ಓದಿ

ಕೊಂಡವರು, ಮಾರಿದವರು ಒಬ್ಬರ ಬಗ್ಗೆ ಒಬ್ಬರು ಬರೆಯುವ ಫೀಡ್‌ಬ್ಯಾಕ್ ಪದ್ಧತಿ ಇಬೇಯಲ್ಲಿ ಬಂದದ್ದು 1996ರ ಫೆಬ್ರುವರಿಯಲ್ಲಿ. ಅದಕ್ಕೂ ಮೊದಲೇ, 1970ರಲ್ಲಿ, ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು ಹಳೆ ಕಾರುಗಳ ಮಾರುಕಟ್ಟೆಯನ್ನು ಇಟ್ಟುಕೊಂಡು ಒಂದು ವಿಷಯ ತೋರಿಸಿದ್ದರು. ಯಾವ ಕಾರು ಒಳ್ಳೆಯದು, ಯಾವುದು ಕೆಟ್ಟದು ಎಂದು ಕೊಳ್ಳುವವರಿಗೆ ಗೊತ್ತಾಗದಿದ್ದರೆ ಅವರು ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಹೇಳುತ್ತಾರೆ. ಆಗ ಒಳ್ಳೆಯ ಕಾರು ಇಟ್ಟುಕೊಂಡವರು ಈ ಸಹವಾಸ ಬೇಡ ಎಂದು ಹೊರಗೆ ಹೋಗುತ್ತಾರೆ. ಉಳಿಯುವುದು ಕೆಟ್ಟ ಕಾರುಗಳೇ. ಇದಕ್ಕಾಗಿ ಅವರಿಗೆ 2001ರಲ್ಲಿ ನೊಬೆಲ್ ಬಂತು. ಫೀಡ್‌ಬ್ಯಾಕ್ ಇರುವುದು ಈ ಕಾಯಿಲೆಗೆ ಮದ್ದಾಗಿ.

ಮದ್ದು ಕೆಲಸ ಮಾಡುತ್ತದೆ. ಇಬೇಯಲ್ಲಿ ಹಳೆಯ ಪೋಸ್ಟ್‌ಕಾರ್ಡ್‌ಗಳನ್ನು ಒಬ್ಬರೇ ಮಾರಾಟಗಾರರು ತಮ್ಮ ಹೆಸರುವಾಸಿ ಖಾತೆಯಲ್ಲೂ, ಹೊಸ ಖಾತೆಗಳಲ್ಲೂ ಜೋಡಿ ಜೋಡಿಯಾಗಿ ಮಾರಿ ನೋಡಿದ ಒಂದು ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಒಳ್ಳೆಯ ಹೆಸರಿದ್ದ ಖಾತೆಗೆ ಸರಾಸರಿ 8.1 ಶೇಕಡಾ ಜಾಸ್ತಿ ಸಿಕ್ಕಿತ್ತು. ಅಂದರೆ ಒಳ್ಳೆಯ ಹೆಸರಿಗೇ ಬೆಲೆ ಇದೆ. ಬೆಲೆ ಇರುವುದಕ್ಕೆಲ್ಲ ನಕಲಿ ಹುಟ್ಟುತ್ತದೆ, ಅಲ್ವಾ?

ಆದ್ದರಿಂದ ಹೀಗೆ ಓದಿ. ಒಟ್ಟು ಶೇಕಡಾವಾರು ನೋಡಿ ಸಮಾಧಾನ ಪಡಬೇಡಿ, ಹೆಚ್ಚುಕಡಿಮೆ ಎಲ್ಲರದ್ದೂ ಮೇಲೇ ಇರುತ್ತದೆ. ಬೈದವರ ಮಾತನ್ನು ಮೊದಲು ಓದಿ. ತಡವಾಯಿತು ಎಂದು ಬೈದಿದ್ದರೆ ಒಂದು ಲೆಕ್ಕ, "ಚಿತ್ರದಲ್ಲಿದ್ದದ್ದು ಬರಲಿಲ್ಲ" ಎಂದು ಬೈದಿದ್ದರೆ ಬೇರೆಯೇ ಲೆಕ್ಕ. ಆಮೇಲೆ ಹೊಗಳಿಕೆ ಯಾವುದಕ್ಕೆ ಬಂದದ್ದು ನೋಡಿ. ಚಿಲ್ಲರೆ ಕಾಸಿನ ಸ್ಟಿಕ್ಕರ್, ಕೇಬಲ್ ಮಾರಿ ನೂರು ಹೊಗಳಿಕೆ ಕೂಡಿಸಿಕೊಂಡು, ನೂರಾ ಒಂದನೆಯ ಸಲ ಹತ್ತು ಲ್ಯಾಪ್‌ಟಾಪ್ ಹರಾಜಿಗಿಟ್ಟು ದುಡ್ಡು ಬಂದ ಮೇಲೆ ಕಾಣೆಯಾಗುವುದು ಹಳೆಯ ಉಪಾಯ. ಮಾರಿ ಗಳಿಸಿದ ಹೊಗಳಿಕೆಯಾ, ಕೊಂಡು ಗಳಿಸಿದ್ದಾ ಎಂಬುದನ್ನೂ ನೋಡಿ.

ತಾರೀಖುಗಳನ್ನು ಮಾತ್ರ ತಪ್ಪಿಸಲೇಬೇಡಿ. ಎರಡು ಮೂರು ವರ್ಷ ಸುಮ್ನೆ ಮಲಗಿದ್ದ ಖಾತೆ ಇದ್ದಕ್ಕಿದ್ದಂತೆ ಎದ್ದು, ತಾನು ಹಿಂದೆ ಯಾವತ್ತೂ ಮಾರದ ದುಬಾರಿ ವಸ್ತುಗಳನ್ನು ಒಂದೇ ದಿನ ಹರಾಜಿಗೆ ಇಟ್ಟಿದ್ದರೆ, ಆ ಖಾತೆಯ ಪಾಸ್‌ವರ್ಡ್ ಬೇರೆ ಯಾರದೋ ಕೈಯಲ್ಲಿರುವ ಸಾಧ್ಯತೆ ಜಾಸ್ತಿ. ಹೊಗಳಿಕೆಯೆಲ್ಲ ನಿಜವೇ ಇರುತ್ತದೆ, ಮಾರುತ್ತಿರುವವರು ಮಾತ್ರ ಬೇರೆ.

ಹೆಜ್ಜೆ 3: ಬೆಲೆಯ ಮಿತಿ ಮೊದಲೇ ಬರೆದಿಡಿ

ತುಂಬಾ ಸೈಟುಗಳಲ್ಲಿ ನಿಮ್ಮ ಗರಿಷ್ಠ ಬೆಲೆಯನ್ನು ಒಂದೇ ಸಲ ಹೇಳಬಹುದು. ಬೇರೆಯವರು ಏರಿಸಿದಂತೆ ಸೈಟೇ ನಿಮ್ಮ ಪರವಾಗಿ ಒಂದೊಂದು ಮೆಟ್ಟಿಲು ಏರಿಸುತ್ತದೆ, ನಿಮ್ಮ ಮಿತಿ ದಾಟುವುದಿಲ್ಲ. ವ್ಯವಸ್ಥೆ ಒಳ್ಳೆಯದೇ. ಆದರೆ ಮಾರುವವರ ಗೆಳೆಯನೋ, ಅವರದೇ ಇನ್ನೊಂದು ಖಾತೆಯೋ ಬಂದು ಬಿಡ್ ಹಾಕುತ್ತಾ ಹೋದರೆ ನಿಮ್ಮನ್ನು ಆ ಮಿತಿಯ ತನಕ ತಳ್ಳಿಬಿಡಬಹುದು. ಇದಕ್ಕೆ ಶಿಲ್ ಬಿಡ್ಡಿಂಗ್ ಅಂತಾರೆ. ತಮ್ಮವರಿಂದಲೇ ಸವಾಲು ಕೂಗಿಸುವುದು.

2000ದ ಮೇ ತಿಂಗಳಲ್ಲಿ ಇಬೇಯಲ್ಲಿ ಒಂದು ಚಿತ್ರ 25 ಸೆಂಟ್‌ಗೆ ಹರಾಜಿಗೆ ಬಂತು. ಮಾರುವವರು ತಮಗೆ ಕಲೆಯ ಬಗ್ಗೆ ಏನೂ ಗೊತ್ತಿಲ್ಲದವರಂತೆ ಬರೆದಿದ್ದರು. ಚಿತ್ರದ ಮೇಲೆ 'ಆರ್‌ಡಿ52' ಎಂಬ ಗುರುತಿತ್ತು. ಕಲಾವಿದರ ಹೆಸರನ್ನು ಎಲ್ಲೂ ಹೇಳಿರಲಿಲ್ಲ. ಇದು ಅಮೆರಿಕದ ಹೆಸರಾಂತ ಚಿತ್ರಕಾರ ರಿಚರ್ಡ್ ಡೀಬನ್‌ಕಾರ್ನ್ (ಆರ್‌ಡಿ) 1952ರಲ್ಲಿ ಬರೆದ ಚಿತ್ರವೇ ಇರಬೇಕು, ಪಾಪ ಮಾರುವವರಿಗೇ ಗೊತ್ತಿಲ್ಲ ಎಂದು ನೋಡಿದವರು ತಾವೇ ಊಹಿಸಿಕೊಂಡರು. ಬೆಲೆ 1,35,805 ಡಾಲರ್‌ಗೆ ಏರಿತು. ಮಾರುವವರೂ ಅವರ ಜೊತೆಗಾರರೂ ಬೇರೆ ಬೇರೆ ಹೆಸರಿನ ಖಾತೆಗಳಿಂದ ಒಬ್ಬರ ವಸ್ತುವಿಗೆ ಒಬ್ಬರು ಬಿಡ್ ಹಾಕಿಕೊಳ್ಳುತ್ತಿದ್ದದ್ದು ಆಮೇಲೆ ಹೊರಬಂತು. ಇಬೇ ಆ ಮಾರಾಟವನ್ನು ರದ್ದು ಮಾಡಿತು, 2001ರಲ್ಲಿ ಇಬ್ಬರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. "ಇವರಿಗೆ ಇದರ ಬೆಲೆ ಗೊತ್ತಿಲ್ಲ, ನನಗೆ ಗೊತ್ತು" ಅಂತ ಮನಸ್ಸು ಕುಣಿಯುವ ಹೊತ್ತಿನಲ್ಲೇ ನಾವು ಸುಲಭವಾಗಿ ಬೀಳುತ್ತೇವೆ. ನನಗೂ ಹಾಗಾಗಿದೆ. ಅದಕ್ಕೇ ಈ ಕಥೆಯನ್ನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಬಿಡ್ ಚರಿತ್ರೆ ನೋಡಲು ಸೈಟ್ ಬಿಡುವುದಾದರೆ ನೋಡಿ. ಒಂದೇ ಖಾತೆ ಇದೇ ಮಾರಾಟಗಾರರ ವಸ್ತುಗಳಿಗೆ ಮಾತ್ರ ಬಿಡ್ ಹಾಕುತ್ತಾ, ಯಾವತ್ತೂ ಗೆಲ್ಲದೆ, ಪ್ರತಿ ಸಲ ಕೊನೆಗೆ ಹಿಂದೆ ಸರಿಯುತ್ತಿದ್ದರೆ ಅನುಮಾನ ಪಡಿ. ವಸ್ತುವಿನ ನಿಜವಾದ ಬೆಲೆ ಬೇಕಾದರೆ ಈಗ ನಡೆಯುತ್ತಿರುವ ಹರಾಜುಗಳನ್ನು ಬಿಟ್ಟು, ಈಗಾಗಲೇ ಮಾರಾಟ ಆದವುಗಳ ಬೆಲೆ ಹುಡುಕಿ. ಅದನ್ನು ನೋಡಿ ನಿಮ್ಮ ಮಿತಿಯನ್ನು ಕಾಗದದ ಮೇಲೆ ಬರೆದಿಡಿ. ಸಾಗಣೆ ವೆಚ್ಚ ಸೇರಿಸಿಯೇ ಬರೆಯಿರಿ, ಬೆಲೆ ಇಳಿಸಿ ಸಾಗಣೆಯಲ್ಲಿ ವಸೂಲಿ ಮಾಡುವವರಿದ್ದಾರೆ.

ನಿಗದಿತ ಗಳಿಗೆಯಲ್ಲಿ ಮುಗಿಯುವ ಹರಾಜಿನಲ್ಲಿ ನಾನು ಕೊನೆಯ ನಿಮಿಷದಲ್ಲೇ ಬಿಡ್ ಹಾಕುವುದು. ನನ್ನ ಮಿತಿಯನ್ನು ಹುಡುಕಿ ತಳ್ಳಲು ಯಾರಿಗೂ ಹೊತ್ತು ಸಿಗಬಾರದು. ಇದು ಎಲ್ಲ ಕಡೆ ನಡೆಯುವುದಿಲ್ಲ. ಅಮೆಜಾನ್ ಕೂಡ 1999ರಲ್ಲಿ ಹರಾಜು ಶುರು ಮಾಡಿತ್ತು. ಅಲ್ಲಿ ಕೊನೆಗಳಿಗೆಯಲ್ಲಿ ಬಿಡ್ ಬಂದರೆ ಹರಾಜು 10 ನಿಮಿಷ ಮುಂದೆ ಹೋಗುತ್ತಿತ್ತು. ಹಾಗಾಗಿ ಕಾಯುವುದರಿಂದ ಲಾಭ ಇರಲಿಲ್ಲ. ನಿಮ್ಮ ಸೈಟಿನ ನಿಯಮ ಯಾವುದು ಎಂದು ತಿಳಿದುಕೊಂಡು ಹೊರಡಿ.

ಹೆಜ್ಜೆ 4: ದುಡ್ಡು ಸೈಟಿನ ಒಳಗೇ ಕೊಡಿ

ಈ ಒಂದು ಹೆಜ್ಜೆ ಸರಿಯಾಗಿ ಇಟ್ಟರೆ ಮಿಕ್ಕ ಎಷ್ಟೋ ತಪ್ಪುಗಳನ್ನು ತಡೆದುಕೊಳ್ಳಬಹುದು. ಮೋಸಗಾರರ ಕಥೆ ದಿನಕ್ಕೊಂದು ಇರುತ್ತದೆ: ಕಮಿಷನ್ ಉಳಿಸೋಣ, ನನ್ನ ಖಾತೆ ಲಾಕ್ ಆಗಿದೆ, ಬೇರೆ ಊರಿಗೆ ಹೋಗುತ್ತಿದ್ದೇನೆ, ಮನೆಯಲ್ಲಿ ಹುಷಾರಿಲ್ಲ. ಎಲ್ಲ ಕಥೆಯೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಸೈಟ್ ಬಿಟ್ಟು ಹೊರಗೆ ಮಾತಾಡೋಣ, ದುಡ್ಡು ಹೊರಗೆ ಕಳಿಸಿ." ಆ ಮಾತು ಬಂದ ಕ್ಷಣ ಅಲ್ಲಿಗೆ ನಿಲ್ಲಿಸಿ. ಕಾರಣ ನಿಜವೋ ಸುಳ್ಳೋ ಎಂದು ತೂಗುತ್ತಾ ಕೂರಬೇಡಿ. ನಿಜವೇ ಆಗಿದ್ದರೂ ಹೊರಗೆ ಕೊಟ್ಟ ದುಡ್ಡಿಗೆ ಸೈಟಿನ ರಕ್ಷಣೆ ಇರುವುದಿಲ್ಲ.

ಯಾವ ದುಡ್ಡು ವಾಪಸ್ ಬರುತ್ತದೆ, ಯಾವುದು ಬರುವುದಿಲ್ಲ ಎಂಬ ವ್ಯತ್ಯಾಸ ಚೆನ್ನಾಗಿ ಗೊತ್ತಿರಲಿ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟದ್ದನ್ನು ಬ್ಯಾಂಕಿನ ಮೂಲಕ ಪ್ರಶ್ನಿಸಬಹುದು, ಅದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯಲ್ಲಿ ವಸ್ತು ಕೊಳ್ಳಲು ಕೊಟ್ಟ ಹಣಕ್ಕೆ ರಕ್ಷಣೆ ಇದೆ. ಅದೇ ಪೇಪಾಲ್‌ನಲ್ಲಿ 'ಸ್ನೇಹಿತರು ಮತ್ತು ಕುಟುಂಬ' ಎಂಬ ಆಯ್ಕೆಯಲ್ಲಿ ಕಳಿಸಿದರೆ ಕೊಳ್ಳುವವರ ರಕ್ಷಣೆ ಇಲ್ಲ. "ಆ ಆಯ್ಕೆ ಒತ್ತಿ, ಫೀ ಉಳಿಯುತ್ತೆ" ಎಂದು ಕೇಳುವವರು ಕೇಳುತ್ತಿರುವುದು ನಿಮ್ಮ ರಕ್ಷಣೆಯನ್ನು ಬಿಟ್ಟುಕೊಡಿ ಎಂದೇ. ಬ್ಯಾಂಕಿನಿಂದ ನೇರವಾಗಿ ಕಳಿಸಿದ ಹಣ, ಗಿಫ್ಟ್ ಕಾರ್ಡ್ ನಂಬರ್, ಕ್ರಿಪ್ಟೊ, ಇವು ಕೈಬಿಟ್ಟರೆ ಹೋದ ಹಾಗೇ.

ಹರಾಜಿನಲ್ಲಿ ಸೋತವರಿಗೆಂದೇ ಒಂದು ಬಲೆ ಇದೆ. ಸ್ವಲ್ಪದರಲ್ಲಿ ತಪ್ಪಿಹೋಯಿತಲ್ಲ ಎಂದು ನೀವು ಬೇಜಾರಲ್ಲಿ ಇರುವಾಗ ಒಂದು ಮೇಲ್ ಬರುತ್ತದೆ: "ಗೆದ್ದವರು ದುಡ್ಡು ಕೊಡಲಿಲ್ಲ, ನಿಮ್ಮ ಬೆಲೆಗೇ ಕೊಡುತ್ತೇನೆ." ನಿಜವಾದ ಎರಡನೇ ಅವಕಾಶವೂ ಇರುತ್ತದೆ. ಅದು ನಿಮ್ಮ ಖಾತೆಯ ಒಳಗಿನ ಸಂದೇಶಗಳಲ್ಲಿ ಕಾಣಲೇಬೇಕು. ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ, ಸೈಟಿನ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ ನೋಡಿ. ಅಲ್ಲಿ ಇಲ್ಲದಿದ್ದರೆ ಆ ಅವಕಾಶವೂ ಇಲ್ಲ.

ಎಸ್ಕ್ರೋ, ಅಂದರೆ ವಸ್ತು ತಲುಪುವ ತನಕ ಮೂರನೆಯವರು ಹಣ ಹಿಡಿದಿಟ್ಟುಕೊಳ್ಳುವ ವ್ಯವಸ್ಥೆ, ದುಬಾರಿ ವ್ಯವಹಾರಕ್ಕೆ ಒಳ್ಳೆಯದು. ಆದರೆ ಆ ಸಂಸ್ಥೆಯನ್ನು ಎದುರಿನವರು ಸೂಚಿಸಿದರೆ ಒಪ್ಪಬೇಡಿ. ಥಳಥಳ ಹೊಳೆಯುವ ನಕಲಿ ಎಸ್ಕ್ರೋ ಸೈಟು ಮಾಡಿಟ್ಟು ಕಾಯುತ್ತಿರುತ್ತಾರೆ.

ಹೆಜ್ಜೆ 5: ಪಾರ್ಸೆಲ್ ಬಂದಾಗ

ಕತ್ತರಿ ಹಿಡಿಯುವ ಮೊದಲು ಫೋನಿನಲ್ಲಿ ವಿಡಿಯೊ ಆನ್ ಮಾಡಿ. ಲೇಬಲ್ ಕಾಣಲಿ, ಟೇಪ್ ಹರಿದಿಲ್ಲ ಎಂಬುದು ಕಾಣಲಿ, ತೂಕ ಕಾಣಲಿ. ನಿಲ್ಲಿಸದೆ, ಕಟ್ ಮಾಡದೆ, ವಸ್ತು ಹೊರಬಂದು ಸೀರಿಯಲ್ ನಂಬರ್ ಕಾಣುವ ತನಕ ತೆಗೆಯಿರಿ. ಅದೇ ದಿನ ಟೆಸ್ಟ್ ಮಾಡಿ. ದೂರು ಕೊಡುವ ಅವಧಿ ಓಡುತ್ತಿರುತ್ತದೆ. ಇಬೇಯಲ್ಲಿ ಅದು ಸಾಮಾನ್ಯವಾಗಿ 30 ದಿನ. ಪೇಪಾಲ್‌ನಲ್ಲಿ ಹಣ ಕೊಟ್ಟ ದಿನದಿಂದ 180 ದಿನದೊಳಗೆ ತಕರಾರು ಎತ್ತಬೇಕು, ಎತ್ತಿದ ಮೇಲೆ 20 ದಿನದೊಳಗೆ ಅದನ್ನು ಕ್ಲೇಮ್ ಆಗಿ (ಅಂದರೆ ಪೇಪಾಲೇ ತೀರ್ಮಾನಿಸಲಿ ಎಂಬ ಕೋರಿಕೆಯಾಗಿ) ಬದಲಾಯಿಸದಿದ್ದರೆ ತಾನಾಗಿ ಮುಚ್ಚಿಹೋಗುತ್ತದೆ. ಮುಚ್ಚಿದ್ದನ್ನು ಮತ್ತೆ ತೆರೆಯಲು ಆಗುವುದಿಲ್ಲ. "ದೂರು ಹಿಂದೆ ತಗೊಳ್ಳಿ, ತಕ್ಷಣ ದುಡ್ಡು ಕಳಿಸ್ತೀನಿ" ಎನ್ನುವವರ ಲೆಕ್ಕವೂ ಇದೇ. ದುಡ್ಡು ಬಂದ ಮೇಲೆ ಹಿಂದೆ ತಗೊಂಡರಾಯಿತು.

ಪಾರ್ಸೆಲ್ ಬರಲೇ ಇಲ್ಲ, ಟ್ರ್ಯಾಕಿಂಗ್‌ನಲ್ಲಿ ಮಾತ್ರ 'ತಲುಪಿದೆ' ಎಂದಿದೆ ಎಂದುಕೊಳ್ಳಿ. ನಿಮ್ಮದೇ ಊರಿನ ಬೇರೆ ಯಾವುದೋ ವಿಳಾಸಕ್ಕೆ ಖಾಲಿ ಲಕೋಟೆ ಕಳಿಸಿ ಆ ನಂಬರನ್ನು ನಿಮಗೆ ಕೊಡುವ ಮೋಸ ಇದು. ಕೊರಿಯರ್‌ನವರಿಂದ ಯಾವ ವಿಳಾಸಕ್ಕೆ ಕೊಟ್ಟರು, ತೂಕ ಎಷ್ಟಿತ್ತು ಎಂದು ಬರಹದಲ್ಲಿ ಪಡೆಯಿರಿ. ದೂರಿನ ಜೊತೆ ಅದನ್ನು ಹಾಕಿ.

ಮಾರುವವರು ನೀವಾದರೆ

ಮಾರುವವರಿಗೂ ಅಷ್ಟೇ ಭಯ ಇದೆ, ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಕೊಂಡವರ ರೇಟಿಂಗ್ ನೋಡಿ ಧೈರ್ಯ ತಂದುಕೊಳ್ಳಲೂ ಆಗದು. 2008ರಿಂದ ಇಬೇಯಲ್ಲಿ ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟ ಫೀಡ್‌ಬ್ಯಾಕ್ ಹಾಕುವ ಹಾಗಿಲ್ಲ. ಸೇಡಿಗೆ ಸೇಡು ಎಂಬಂತೆ ಒಬ್ಬರಿಗೊಬ್ಬರು ಕೆಟ್ಟದ್ದು ಬರೆಯುವುದನ್ನು ತಡೆಯಲು ಆ ನಿಯಮ ತಂದರು.

ನಾನೊಮ್ಮೆ ಒಳ್ಳೆಯ ಸ್ಥಿತಿಯಲ್ಲಿದ್ದ ಒಂದು ಲೆನ್ಸ್ ಮಾರಿದೆ. ವಾರದ ಮೇಲೆ "ಫೋಕಸ್ ರಿಂಗ್ ಜಾಮ್ ಆಗಿದೆ" ಎಂದು ರಿಟರ್ನ್ ಬಂತು. ಡಬ್ಬ ತೆರೆದರೆ ಅದೇ ಮಾದರಿಯ ಲೆನ್ಸ್. ರಿಂಗ್ ನಿಜವಾಗಿಯೂ ತಿರುಗುತ್ತಿರಲಿಲ್ಲ. ಒಂದು ಕ್ಷಣ ನನ್ನದೇ ತಪ್ಪಾ ಎನಿಸಿತು. ಆಮೇಲೆ ಮುಂಭಾಗದ ಉಂಗುರದ ಮೇಲಿನ ಸೀರಿಯಲ್ ನಂಬರನ್ನು ನಾನು ಹರಾಜಿನ ಪುಟಕ್ಕೆ ಹಾಕಿದ್ದ ಫೋಟೊ ಜೊತೆ ಇಟ್ಟು ನೋಡಿದೆ. ಕೊನೆಯ ಮೂರು ಅಂಕಿ ಬೇರೆ! ಅವರ ಕೆಟ್ಟ ಲೆನ್ಸ್ ನನಗೆ ಕಳಿಸಿ, ನನ್ನ ಒಳ್ಳೆಯ ಲೆನ್ಸ್ ಇಟ್ಟುಕೊಂಡಿದ್ದರು. ಎರಡು ಫೋಟೊವನ್ನೂ ಸೈಟಿಗೆ ಕಳಿಸಿದೆ, ದುಡ್ಡು ನನ್ನ ಬಳಿಯೇ ಉಳಿಯಿತು. ಆ ಒಂದು ಫೋಟೊ ಇಲ್ಲದಿದ್ದರೆ ನನ್ನ ಮಾತಿಗೆ ಯಾವ ಬೆಲೆಯೂ ಇರುತ್ತಿರಲಿಲ್ಲ. ಅಂದಿನಿಂದ ಸೀರಿಯಲ್ ನಂಬರ್ ಜೊತೆಗೆ, ಆ ವಸ್ತುವಿಗೆ ಮಾತ್ರ ಇರುವ ಒಂದು ಗೀರನ್ನೋ ಕಲೆಯನ್ನೋ ಹತ್ತಿರದಿಂದ ತೆಗೆದಿಡುತ್ತೇನೆ. ಪ್ಯಾಕ್ ಮಾಡುವುದನ್ನೂ ವಿಡಿಯೊ ಮಾಡುತ್ತೇನೆ.

ದುಡ್ಡು ಬಂದಿದೆ ಎಂದು ಮೇಲ್ ಬಂದರೆ, ಸ್ಕ್ರೀನ್‌ಶಾಟ್ ಬಂದರೆ, ಅದು ದುಡ್ಡಲ್ಲ. ನಿಮ್ಮ ಖಾತೆಯನ್ನು ನೀವೇ ತೆರೆದು ನೋಡಿ, ಆಮೇಲೆ ಕಳಿಸಿ. ದುಡ್ಡು ಪಡೆಯಲು ಒಟಿಪಿ ಕೊಡುವುದು ಬೇಕಿಲ್ಲ. ಕೇಳಿದರೆ ಅದು ನಿಮ್ಮ ಖಾತೆಯಿಂದ ಎತ್ತುವುದಕ್ಕೇ. "ತಪ್ಪಿ ಜಾಸ್ತಿ ಕಳಿಸಿಬಿಟ್ಟೆ, ಹೆಚ್ಚಿನದನ್ನು ವಾಪಸ್ ಹಾಕಿ" ಎಂದರೆ ಹಾಕಬೇಡಿ. ಅವರು ಕಳಿಸಿದ್ದು ನಕಲಿ ಚೆಕ್ಕೋ ಕದ್ದ ಕಾರ್ಡೋ ಆಗಿರುತ್ತದೆ. ಕೆಲವು ದಿನ ಬಿಟ್ಟು ಬ್ಯಾಂಕ್ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ನೀವು ವಾಪಸ್ ಹಾಕಿದ್ದು ಮಾತ್ರ ನಿಜವಾದ ದುಡ್ಡು.

ವಿಳಾಸದ ವಿಷಯದಲ್ಲಿ ಸಡಿಲ ಬಿಡಬೇಡಿ. ಆರ್ಡರ್‌ನಲ್ಲಿ ಇರುವ ವಿಳಾಸಕ್ಕೆ ಮಾತ್ರ, ಟ್ರ್ಯಾಕಿಂಗ್ ಇರುವ ಸೇವೆಯಲ್ಲಿ ಮಾತ್ರ. ದುಬಾರಿಯಾದರೆ ಸಹಿ ಪಡೆದು ಕೊಡುವ ಸೇವೆ ಆರಿಸಿ. ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು, ತಾವೇ ಬಂದು ವಸ್ತು ತಗೊಂಡು ಹೋಗಿ, ಆಮೇಲೆ "ತಲುಪಲೇ ಇಲ್ಲ" ಎಂದು ದೂರು ಕೊಡುವವರಿದ್ದಾರೆ. ಟ್ರ್ಯಾಕಿಂಗ್ ಇಲ್ಲದ ಕಾರಣ ನಿಮ್ಮ ಬಳಿ ತೋರಿಸಲು ಏನೂ ಇರುವುದಿಲ್ಲ. ಕೈಗೆ ಕೊಡುವುದಾದರೆ ನಗದು ತಗೊಳ್ಳಿ, ಅಥವಾ ವಸ್ತು ಕೈಸೇರಿತು ಎಂಬುದಕ್ಕೆ ಸೈಟ್ ಕೊಂಡವರಿಗೆ ಕೊಡುವ ಕೋಡನ್ನು ಅವರ ಎದುರೇ ನಮೂದಿಸಿ.

ಮೋಸ ಆಗಿಹೋದರೆ

ನಾಚಿಕೊಂಡು ಕೂರಬೇಡಿ, ಹೊತ್ತು ಕಳೆದಷ್ಟೂ ದುಡ್ಡು ದೂರ ಹೋಗುತ್ತದೆ. ಮೊದಲ ಫೋನ್ ಬ್ಯಾಂಕಿಗೆ ಅಥವಾ ಕಾರ್ಡ್ ಕೊಟ್ಟವರಿಗೆ. ಎರಡನೆಯದು ಸೈಟಿನಲ್ಲಿ ದೂರು. ಲಿಂಕ್ ಏನಾದರೂ ಒತ್ತಿದ್ದರೆ ಪಾಸ್‌ವರ್ಡ್ ಬದಲಾಯಿಸಿ, ಅದೇ ಪಾಸ್‌ವರ್ಡ್ ಬೇರೆ ಕಡೆ ಇದ್ದರೆ ಅಲ್ಲೂ ಬದಲಾಯಿಸಿ. ಹರಾಜಿನ ಪುಟ, ಮಾತುಕತೆ, ಪಾವತಿಯ ವಿವರ ಎಲ್ಲದರ ಸ್ಕ್ರೀನ್‌ಶಾಟ್ ಕೂಡಲೇ ತೆಗೆದಿಡಿ, ಪುಟಗಳು ಮಾಯವಾಗುತ್ತವೆ. ಆಮೇಲೆ ಸೈಬರ್ ಅಪರಾಧ ವಿಭಾಗದ ಪೊಲೀಸರಿಗೆ ದೂರು ಕೊಡಿ.

ಇದಾದ ಕೆಲವೇ ದಿನಗಳಲ್ಲಿ "ನಿಮ್ಮ ದುಡ್ಡು ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀ ಕಟ್ಟಿ" ಎಂದು ಯಾರಾದರೂ ಬರಬಹುದು. ಮೋಸ ಹೋದವರ ಹೆಸರಿನ ಪಟ್ಟಿಗಳೇ ಕೈಯಿಂದ ಕೈಗೆ ಮಾರಾಟವಾಗುತ್ತವೆ. ಒಂದು ಪೈಸೆಯನ್ನೂ ಕೊಡಬೇಡಿ.

ಕೊನೆಯ ಕೆಲಸ, ಫೀಡ್‌ಬ್ಯಾಕ್ ಬರೆಯುವುದು. "ಮೋಸಗಾರ, ಎಚ್ಚರ!" ಎಂದು ಬರೆದರೆ ಮುಂದಿನವರಿಗೆ ಏನೂ ತಿಳಿಯುವುದಿಲ್ಲ. ಬೂಷ್ಟು ಹಿಡಿದ ಆ ಮೊದಲ ಲೆನ್ಸಿಗೆ ನಾನು ಬರೆದದ್ದು ಇಷ್ಟು: "ಒಳಗಿನ ಗಾಜಿನಲ್ಲಿ ಬೂಷ್ಟು ಇದೆ. ಯಾವ ಫೋಟೊದಲ್ಲೂ ಮುಚ್ಚಳ ತೆಗೆದಿರಲಿಲ್ಲ. ಕೊಳ್ಳುವ ಮೊದಲು ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ತೆಗೆದ ಫೋಟೊ ಕೇಳಿ."